‘ನಮ್ಮನೇಲೇ ಕೇಳಲ್ವಲ್ಲಪ್ಪ!’

ಈ ವಾರ ಮೆಲ್ಬರ್ನಿನ ದಿನಸಿ ಅಂಗಡಿಯೊಂದರಲ್ಲಿ ಕಿವಿಗೆ ಬಿದ್ದ ಮಾತು. ಸಮುದಾಯ ರೇಡಿಯೋದ ಕನ್ನಡ ಕಾರ್ಯಕ್ರಮಕ್ಕೆ ಸ್ಪಾನ್ಸರ್ ಹುಡುಕಿಕೊಂಡು ಬಂದಿದ್ದ ಹುಡುಗನನ್ನು ಅಂಗಡಿಯವರು ಕೇಳಿದರು, ‘ಎಷ್ಟು ಜನ ಕೇಳ್ತಾರಪ್ಪ?’

‘ಇಲ್ಲಿರೋ ಕನ್ನಡದೋರೆಲ್ಲ ಕೇಳ್ತಾರೆ ಸಾರ್.’

‘ನಮ್ಮನೇಲೇ ಕೇಳಲ್ವಲ್ಲಪ್ಪ!’

ಹುಡುಗ ಪೆಚ್ಚಾದ. ಅಂಗಡಿಯವರು ಕೈಬಿಗಿ ಮನುಷ್ಯರೇ, ಆದರೆ ಕೇಳಿದ್ದರಲ್ಲಿ ತಪ್ಪಿಲ್ಲ. ಆ ‘ಎಲ್ಲ’ ಅನ್ನೋ ಪದವೇ ಕೆಲಸ ಕೆಡಿಸಿದ್ದು.

ದೊಡ್ಡ ಸ್ಟೇಷನ್ನುಗಳ ಅಂಕಿ ಬರುವುದು ಸಮೀಕ್ಷೆಯಿಂದ. ಆಯ್ದ ಜನ ಒಂದು ವಾರ ಯಾವಾಗ ಏನು ಕೇಳಿದೆವು ಅಂತ ಡೈರಿ ತುಂಬುತ್ತಾರೆ. ಬ್ರಿಟನ್ನಿನಲ್ಲಿ ಕಾಲು ಗಂಟೆಯೊಳಗೆ ಐದು ನಿಮಿಷ ಕೇಳಿದರೂ ಕೇಳುಗರೆಂದೇ ಲೆಕ್ಕ. ಸಣ್ಣ ಭಾಷೆಗೆ ಈ ಜರಡಿ ಆಗಿಬರುವುದಿಲ್ಲ. ಊರಿನ ಸಾವಿರ ಜನರಲ್ಲಿ ಇಬ್ಬರು ಕನ್ನಡದವರು ಅಂತಿಟ್ಟುಕೊಳ್ಳಿ. 2,000 ಜನರ ಸಮೀಕ್ಷೆಯಲ್ಲಿ ಸಿಗುವುದು ನಾಲ್ವರು. ಆ ಭಾನುವಾರ ಅವರಲ್ಲೊಬ್ಬರು ಗೃಹಪ್ರವೇಶಕ್ಕೆ ಹೋದರೆ ಕಾಲು ಭಾಗ ಕೇಳುಗರು ಮಾಯ!

ಇನ್ನು ಮಗಳ ಬಾಣಂತನಕ್ಕೆ ಬಂದು ಆರು ತಿಂಗಳು ಇರುವ ಅಪ್ಪ-ಅಮ್ಮಂದಿರು. ಹಗಲಿಡೀ ಮನೆಯಲ್ಲಿರುವವರು, ಕನ್ನಡಕ್ಕೆ ಕಿವಿ ತೆರೆದು ಕೂತವರು. ಆದರೆ ಕನ್ನಡದವರೆಷ್ಟು ಅಂತ ಹೇಳುವ ಜನಗಣತಿಯ ಭಾಷಾ ಪಟ್ಟಿ ಅಲ್ಲೇ ನೆಲೆಸಿದವರ ಲೆಕ್ಕ. ಇವರು ಅದರಲ್ಲಿ ಸಿಗುವುದಿಲ್ಲ. ‘ನಮ್ಮನೇಲೇ ಕೇಳಲ್ವಲ್ಲ’ ಅಂದವರು ಹಗಲೆಲ್ಲ ಅಂಗಡಿಯಲ್ಲಿರುತ್ತಾರೆ. ಅಡುಗೆಮನೆಯಲ್ಲಿ ಏನು ಹಾಡುತ್ತಿರುತ್ತದೆ ಅಂತ ಅವರಿಗೇನು ಗೊತ್ತು?

ಆನ್‌ಲೈನಿನಲ್ಲಾದರೆ ಲೆಕ್ಕ ಪಕ್ಕಾ ಅನ್ನುವವರಿದ್ದಾರೆ. ಸ್ಟ್ರೀಮಿಂಗ್ ಸರ್ವರ್ ಎಣಿಸುವುದು ಸಂಪರ್ಕಗಳನ್ನು, ಜನರನ್ನಲ್ಲ. ಕಾರಿನಲ್ಲಿ ಸಿಗ್ನಲ್ ಮೂರು ಸಲ ತಪ್ಪಿ ಮತ್ತೆ ಹಿಡಿದರೆ ಒಬ್ಬರೇ ನಾಲ್ವರಾಗುತ್ತಾರೆ. ಅಡುಗೆಕಟ್ಟೆಯ ಮೇಲಿಟ್ಟ ಒಂದು ಫೋನಿಗೆ ನಾಲ್ವರು ಕಿವಿಗೊಟ್ಟರೂ ಅದು ಒಂದೇ. ಪಾಡ್‌ಕಾಸ್ಟಿನಲ್ಲಿ ತಾನಾಗಿ ಡೌನ್‌ಲೋಡ್ ಆಗಿ ಯಾರೂ ಮುಟ್ಟದೆ ಬಿದ್ದಿರುವ ಕಂತೂ ಲೆಕ್ಕಕ್ಕೆ ಸೇರುತ್ತದೆ.

ಆಸ್ಟ್ರೇಲಿಯಾದ ಸರ್ಕಾರಿ ಬಹುಭಾಷಾ ರೇಡಿಯೋ ಹುಟ್ಟಿದ್ದು ಜಾಹೀರಾತಿಗಲ್ಲ. 1975ರ ಜೂನಿನಲ್ಲಿ ಸಿಡ್ನಿಯಲ್ಲಿ 2ಇಎ, ಮೆಲ್ಬರ್ನಿನಲ್ಲಿ 3ಇಎ ಅನ್ನುವ ಸ್ಟೇಷನ್ನುಗಳು ಶುರುವಾದದ್ದು ಜುಲೈನಿಂದ ಬರಲಿದ್ದ ಮೆಡಿಬ್ಯಾಂಕ್ ಆರೋಗ್ಯ ವಿಮೆಯನ್ನು ವಲಸಿಗರಿಗೆ ಅವರವರ ಭಾಷೆಯಲ್ಲಿ ತಿಳಿಸುವುದಕ್ಕೆ. ಇಂಗ್ಲಿಷ್ ರೇಡಿಯೋಗೆ ಎಟುಕದ ಮನೆಗೆ ಸುದ್ದಿ ಮುಟ್ಟಿತೇ ಅನ್ನುವುದೇ ಅಲ್ಲಿನ ಅಳತೆ. ಹಾಗಾಗಿ ಊರಿಗೆಷ್ಟು ಜನ ಅಂತಲ್ಲ, ನೂರು ಕನ್ನಡ ಮನೆಗಳಲ್ಲಿ ಎಷ್ಟು ಮನೆ ಅಂತ ಲೆಕ್ಕ ಹಾಕಬೇಕು.

ಅದಕ್ಕೆ ದುಡ್ಡೇನೂ ಬೇಡ, ಓಡಾಡಬೇಕು ಅಷ್ಟೆ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಮಾತ್ರ ಕೇಳಬೇಡಿ. ಅಲ್ಲಿಗೆ ಬರುವವರು ಮೊದಲೇ ನಮ್ಮವರು. ದೇವಸ್ಥಾನದ ಊಟದ ಸಾಲು, ಕ್ರಿಕೆಟ್ ಮೈದಾನ, ಬಿಲ್ಲಿಂಗ್ ಕೌಂಟರ್, ಮೂರೂ ಕಡೆ ಕೇಳಿ. ‘ನೀವು ರೇಡಿಯೋ ಕೇಳ್ತೀರಾ?’ ಅಂದರೆ ಮುಖ ನೋಡಿ ಎಲ್ಲರೂ ಹೂಂ ಅಂತಾರೆ. ‘ಕಳೆದ ವಾರ ಯಾರ ಜೊತೆ ಮಾತುಕತೆ ಇತ್ತು?’ ಅನ್ನಿ, ಗೊತ್ತಾಗುತ್ತದೆ. ಕೊನೆಗೆ, ‘ಆಗ ಮನೇಲಿ ಎಷ್ಟು ಜನ ಇದ್ರಿ?’

ಆಸ್ಟ್ರೇಲಿಯಾದಲ್ಲಿ ಸಮುದಾಯ ರೇಡಿಯೋಗೆ ಗಂಟೆಗೆ ಐದು ನಿಮಿಷಕ್ಕಿಂತ ಹೆಚ್ಚು ಸ್ಪಾನ್ಸರ್ ಪ್ರಕಟಣೆ ಹಾಕುವಂತಿಲ್ಲ. ಅರ್ಧ ನಿಮಿಷದವಾದರೆ ಹತ್ತೇ. ಆ ಹುಡುಗ ‘ಎಲ್ಲ’ ಅನ್ನುವ ಬದಲು ಹತ್ತರಲ್ಲೊಂದನ್ನು ಒಂದು ತಿಂಗಳು ಪರೀಕ್ಷೆಗೆ ಕೊಡಬಹುದಿತ್ತು: ಪ್ರಕಟಣೆಯಲ್ಲಿ ಒಂದು ಗುಟ್ಟಿನ ಪದ, ಅದನ್ನು ಕೇಳಿಸಿಕೊಂಡು ಬಂದು ಕೌಂಟರಿನಲ್ಲಿ ‘ಹಾಗಲಕಾಯಿ’ ಅಂದವರಿಗೆ ಸೋನಾ ಮಸೂರಿ ಚೀಲದ ಮೇಲೆ ಎರಡು ಡಾಲರ್ ಕಡಿಮೆ. ಬಿಲ್ಲಿನ ಹಿಂದೆ ಒಂದು ಗೀಟು. ಪದವನ್ನು ಮಾತ್ರ ವಾರವಾರ ಬದಲಿಸಬೇಕು. ಎರಡನೇ ದಿನಕ್ಕೇ ಅದು ವಾಟ್ಸಾಪ್ ಗುಂಪಿಗೆ ಬಿದ್ದಿರುತ್ತದೆ, ಆಮೇಲಿನ ಗೀಟೆಲ್ಲ ರೇಡಿಯೋದ್ದಲ್ಲ.