ಸೂಪರ್ ಕಾನ್‌ಸ್ಟಲೇಷನ್‌ಗೆ ಸರಿಜೋಡಿ ಸಿಕ್ಕಿತು

ಡ್ರಾ ಆಯಿತು! ನನ್ನ ಹಳೆ ಚೆಸ್ ಮಷೀನ್ ನೋವಾಗ್ ಸೂಪರ್ ಕಾನ್‌ಸ್ಟಲೇಷನ್ ಕೊನೆಗೂ ಇಂದಿನ ಬಲಿಷ್ಠ ಚೆಸ್ ಪ್ರೋಗ್ರಾಂ ಸ್ಟಾಕ್‌ಫಿಶ್ ಎದುರು ಸೋಲದೆ ನಿಂತಿತು. 1984ರ ಮಷೀನ್, ಒಳಗೆ 4 ಮೆಗಾಹರ್ಟ್ಸ್‌ನ 6502 ಚಿಪ್. ಸ್ಟಾಕ್‌ಫಿಶ್‌ನ ಕೈ ಕಟ್ಟಿಯೇ ಆಡಿಸಿದ್ದು. ಆದರೆ ಆ ಕೈ ಕಟ್ಟುವುದು ಹೇಗೆ ಅನ್ನುವುದೇ ಇಷ್ಟು ದಿನ ತಲೆ ತಿಂದದ್ದು.

ಬಿಚ್ಚಿ ಒರೆಸಿದ್ದು, ಅಡಾಪ್ಟರ್ ಹೊಂದಿಸಿದ್ದು ಬಿಡಿ, ನಿಮಗೆಲ್ಲ ಗೊತ್ತಿರುವುದೇ. ಮಾರಿದವರು 'ಎಲ್ಲಾ ಸರಿ ಇದೆ' ಅಂದಿದ್ದರು. ನಡೆ ತಿಳಿಸಲು ಇದರ ಬೋರ್ಡಿನ ಮನೆಗಳನ್ನು ಒತ್ತಬೇಕು; ಬಂದಾಗ ಜಿ ಸಾಲಿನ ಮನೆಗಳನ್ನು ಎಷ್ಟು ಒತ್ತಿದರೂ ಸುದ್ದಿಯಿಲ್ಲ. ದೀಪ ಹತ್ತಿದರೆ ಸಾಕಾ? ಅರವತ್ನಾಲ್ಕೂ ಮನೆ ಒತ್ತಿ ನೋಡಿ ಮಾರಬೇಕು, ಅಲ್ವಾ?

ಮೊದಲು ಸ್ಟಾಕ್‌ಫಿಶ್‌ನ ಸ್ಕಿಲ್ ಲೆವೆಲ್ (ಆಟದ ಮಟ್ಟ) ಇಳಿಸಿದೆ. ತಲೆನೋವು ಶುರುವಾದದ್ದು ಅಲ್ಲೇ. ಲೆವೆಲ್ ಇಳಿದರೆ ಅದು ಹಲವು ನಡೆಗಳನ್ನು ಲೆಕ್ಕ ಹಾಕಿ, ಆಗಾಗ ಬೇಕಂತಲೇ ಕೆಟ್ಟದ್ದನ್ನು ಆರಿಸುತ್ತದೆ. ಅಲ್ಲಿಯವರೆಗೆ ಗ್ರ್ಯಾಂಡ್‌ಮಾಸ್ಟರ್ ಥರ ಆಡಿ, ಇದ್ದಕ್ಕಿದ್ದಂತೆ ಆನೆಯನ್ನು ಸುಮ್ನೆ ಕೊಟ್ಟುಬಿಡುತ್ತದೆ. ಹಾಗೆ ಗೆದ್ದರೆ ಅದು ನೋವಾಗ್‌ನ ಗೆಲುವಲ್ಲ. ಯುಸಿಐ ಎಲೋ, ಅಂದರೆ ಇಷ್ಟೇ ರೇಟಿಂಗ್‌ನ ಬಲದಲ್ಲಿ ಆಡು ಅನ್ನುವ ಸೆಟ್ಟಿಂಗ್, ಹಾಕಿದರೂ ಒಳಗಿನ ಉಪಾಯ ಅದೇ. ಮೇಲಾಗಿ ಆ ಅಂಕಿಯನ್ನು ಹೊಂದಿಸಿರುವುದು ಆಟಕ್ಕೆ 2 ನಿಮಿಷ, ನಡೆಗೆ 1 ಸೆಕೆಂಡ್ ಸೇರುವ, ಚೆಸ್ ಪ್ರೋಗ್ರಾಂಗಳ ನಡುವಿನ ಆಟಗಳಿಗೆ. ಒಂದೊಂದು ನಡೆಗೂ ನಿಮಿಷಗಟ್ಟಲೆ ಯೋಚಿಸುವ ಹಳೆ ಮಷೀನ್‌ಗೆ ಅದು ಹೊಂದುವುದಿಲ್ಲ. ಟೈಮ್ ಕಡಿಮೆ ಮಾಡಿದರೂ ಉಪಯೋಗವಿಲ್ಲ. ಸೆಕೆಂಡಿನ ನೂರನೇ ಭಾಗದಲ್ಲೂ ಅದು ಸಾವಿರಾರು ಸ್ಥಿತಿಗಳನ್ನು ನೋಡಿಬಿಡುತ್ತದೆ.

ಕೈ ಹಿಡಿದದ್ದು ನೋಡ್ ಮಿತಿ, ಅಂದರೆ ಒಂದು ನಡೆಗೆ ಎಷ್ಟು ಸ್ಥಿತಿಗಳನ್ನು ನೋಡಬಹುದು ಅನ್ನುವ ಮಿತಿ. ಥ್ರೆಡ್ (ಏಕಕಾಲಕ್ಕೆ ನಡೆಯುವ ಲೆಕ್ಕದ ಎಳೆ) ಒಂದೇ, ಸ್ಕಿಲ್ ಪೂರ್ತಿ 20, ಪ್ರತಿ ನಡೆಗೆ 'ಗೋ ನೋಡ್ಸ್ 200'. ಈಗ ಅದು ಬೇಕಂತ ತಪ್ಪು ಆಡುವುದಿಲ್ಲ. ಕಂಡಷ್ಟರಲ್ಲಿ ಒಳ್ಳೆಯದನ್ನೇ ಆಡುತ್ತದೆ. 2020ರಲ್ಲಿ 12ನೇ ಆವೃತ್ತಿಗೆ ಬಂದ ಎನ್‌ಎನ್‌ಯುಇ, ಅಂದರೆ ಸ್ಥಿತಿಗೆ ಬೆಲೆ ಕಟ್ಟುವ ನರಜಾಲ, ಇರುವುದರಿಂದ ಯಾವ ಸ್ಥಿತಿ ಯಾರಿಗೆ ಒಳ್ಳೆಯದು ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ, ಆದರೆ ದೂರ ಕಾಣುವುದಿಲ್ಲ. ಡೇವಿಡ್ ಕಿಟಿಂಜರ್ ಬರೆದ ನೋವಾಗ್‌ನ ಪ್ರೋಗ್ರಾಂಗೆ ಕಾಯಿ ಬಲಿ ಕೊಡುವ ಹುಚ್ಚು ಜಾಸ್ತಿ. ಅದಕ್ಕೆ ಬೇಕಾದ ಎದುರಾಳಿ ಇದೇ. ಎಫ್7ರಲ್ಲಿ ಕುದುರೆ ಕೊಟ್ಟಿತು, ಕಪ್ಪು ರಾಜ ಹೊರಗೆ ಬಂದ, ಮಂತ್ರಿ ಬಿಡದೆ ಚೆಕ್ ಕೊಟ್ಟು ಡ್ರಾ ಮಾಡಿತು. ಆಮೇಲೆ ಸ್ಟಾಕ್‌ಫಿಶ್‌ನ ಪೂರ್ತಿ ಬಲದಲ್ಲಿ ಪರೀಕ್ಷಿಸಿದರೆ ಆ ಬಲಿ ನಿಲ್ಲುವುದಿಲ್ಲ. ಇರಲಿ, ಎಷ್ಟು ಚೆಂದದ ಧೈರ್ಯ! ಇಂಥ ಆಟ ನೋಡಬೇಕೆಂದೇ ಈ ಮಷೀನ್ ಕೊಂಡದ್ದು.

ನೀವೂ ಮಾಡುವುದಾದರೆ ನೆನಪಿಡಿ: ಥ್ರೆಡ್ ಒಂದೇ ಇದ್ದು, ಹೊಸ ಆಟಕ್ಕೆ ಹ್ಯಾಶ್ (ಹಿಂದಿನ ಲೆಕ್ಕಗಳ ನೆನಪು) ಖಾಲಿ ಮಾಡಿದರೆ, ಸ್ಟಾಕ್‌ಫಿಶ್ ಅದೇ ಆಟಕ್ಕೆ ಅದೇ ಉತ್ತರ ಕೊಡುತ್ತದೆ. ಆರಂಭದ ನಡೆಗಳನ್ನು ನೀವೇ ಬದಲಿಸಿ ಕೊಡಿ.

ಈ ನಡುವೆ ಝಡ್‌ಎಕ್ಸ್81 ಅನ್ನುವ ಹಳೆ ಕಂಪ್ಯೂಟರ್ ಮೇಲೆ ಕಣ್ಣು ಬಿದ್ದಿದೆ. ಡೇವಿಡ್ ಹೋರ್ನ್ ಅದಕ್ಕೆ 672 ಬೈಟ್‌ನಲ್ಲಿ ಚೆಸ್ ಬರೆದಿದ್ದರು. ಕ್ಯಾಸ್ಲಿಂಗ್ ಇಲ್ಲ, ಕಾಲಾಳಿಗೆ ಬಡ್ತಿ ಇಲ್ಲ. ಅದರ ಎದುರು ಒಂದೇ ನೋಡ್‌ನ ಸ್ಟಾಕ್‌ಫಿಶ್ ಕೂಡ ಜಾಸ್ತಿ ಆದೀತು, ಬೇರೆ ಎದುರಾಳಿ ಹುಡುಕಬೇಕು. ಅದಕ್ಕೂ ಮೊದಲು ನೋವಾಗ್ ಎದುರು 400 ನೋಡ್‌ನ ಸ್ಟಾಕ್‌ಫಿಶ್.