ಶೆಟ್ಟಿಹಳ್ಳಿಯಲ್ಲಿ ಈಸ್ಟರ್ ತಪ್ಪಿಸಿಕೊಂಡ ಹುಣ್ಣಿಮೆ

2019ರ ಮಾರ್ಚ್ 20, ಬುಧವಾರ. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಗೆಳೆಯನೊಬ್ಬನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಾಸನದಿಂದ ಶೆಟ್ಟಿಹಳ್ಳಿಗೆ ಹೊರಟೆ. ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಧೂಳು.

ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಸೊಂಟದವರೆಗೆ ಮುಳುಗುವ ಹಳೆಯ ಇಗರ್ಜಿ ಆ ದಿನ ಒಣನೆಲದ ಮೇಲೆ ನಿಂತಿತ್ತು. ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರು ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯಿತು. ಚಾವಣಿ ಹೋಗಿದೆ, ಚೂಪು ಕಮಾನುಗಳು ಉಳಿದಿವೆ. ಗೋಡೆಯ ಮೇಲೆ ನೀರು ನಿಂತ ಗೆರೆ. ಕಾಲಡಿ ಬಿರಿದ ಕೆಸರು. ಒಂದು ಹೆಂಟೆ ಎತ್ತಿದರೆ ಅದರಲ್ಲಿ ಉಗುರಿನಷ್ಟು ಚಿಪ್ಪೊಂದು ಬಾಯಿ ತೆರೆದುಕೊಂಡೇ ಕೂತಿತ್ತು. ಗೋಡೆಗಳ ಮೇಲೆ ಪ್ರೇಮಿಗಳು ಕೆತ್ತಿದ ಹೆಸರುಗಳನ್ನು ಕಂಡಾಗ ಮಾತ್ರ ಮೈ ಉರಿಯಿತು.

ಮರುದಿನ ಬೆಳಗಿನ ಜಾವ 3.28ಕ್ಕೆ ಸೂರ್ಯ ವಿಷುವದ, ಅಂದರೆ ಹಗಲು ಇರುಳು ಸಮನಾಗುವ, ಗೆರೆ ದಾಟುವವನಿದ್ದ. ನಾಲ್ಕು ಗಂಟೆಯೂ ಕಳೆಯುವುದರೊಳಗೆ, 7.13ಕ್ಕೆ, ಹೋಳಿ ಹುಣ್ಣಿಮೆ ತುಂಬುವುದಿತ್ತು. ಸೂರ್ಯ ಮುಳುಗಲಿ, ಆಮೇಲೆ ಚಂದ್ರ ಬಂದಾನು ಎಂದು ಇಬ್ಬರೂ ಪಶ್ಚಿಮಕ್ಕೆ ಮುಖ ಮಾಡಿ ಕಾಯುತ್ತಿದ್ದೆವು. ದನ ಹೊಡೆದುಕೊಂಡು ಹೊರಟಿದ್ದ ಹುಡುಗ, "ಹಿಂದೆ ನೋಡಿ" ಎಂದ. ಹಸಿ ಹಪ್ಪಳದಂತೆ ಪೇಲವವಾಗಿ ಚಂದ್ರ ಆಗಲೇ ಮೇಲೆದ್ದಿದ್ದ! ನಮ್ಮ ನೆರಳುಗಳು ನೇರ ಪೂರ್ವಕ್ಕೆ ಚಾಚಿದ್ದವು. ಚಂದ್ರ ಆ ನೆರಳುಗಳ ತುದಿಗಿಂತ ತುಸು ಎಡಕ್ಕೆ, ಉತ್ತರದ ಕಡೆಗಿದ್ದ. ಚಂದ್ರನ ದಾರಿ ಸೂರ್ಯನ ದಾರಿಗೆ ಐದು ಡಿಗ್ರಿಯಷ್ಟು ಓರೆ. ಪುಸ್ತಕದಲ್ಲಿ ಓದಿದ್ದು ಅಂದು ಕಣ್ಣಿಗೆ ಬಿತ್ತು.

ಗೆಳೆಯ ಕ್ರೈಸ್ತ. ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ದಿನಗಳಾದ ತಪಸ್ಸು ಕಾಲ ಮುಗಿಯುವವರೆಗೆ ಮಾಂಸ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದ. ವಿಷುವದ ನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರ ಈಸ್ಟರ್ ಎಂಬುದು ನಿಯಮ. ಹಾಗಾದರೆ ಮಾರ್ಚ್ 24ಕ್ಕೇ ಹಬ್ಬವಲ್ಲವೇ ಎಂದು ಕೆಣಕಿದೆ. ಅವನು ನಿಟ್ಟುಸಿರಿಟ್ಟ. ಚರ್ಚು ಆಕಾಶ ನೋಡುವುದಿಲ್ಲವಂತೆ, ಕೋಷ್ಟಕ ನೋಡುತ್ತದಂತೆ. ಅದರಲ್ಲಿ ವಿಷುವ ಎಂದೆಂದಿಗೂ ಮಾರ್ಚ್ 21; ಆ ವರ್ಷದ ಹುಣ್ಣಿಮೆಯೋ, ಮಾರ್ಚ್ 20. ಒಂದೇ ದಿನ ಮುಂಚೆ ಬಿದ್ದದ್ದರಿಂದ ಈ ಹುಣ್ಣಿಮೆ ಲೆಕ್ಕಕ್ಕಿಲ್ಲ. ಹಬ್ಬ ಏಪ್ರಿಲ್ 21ಕ್ಕೆ.

ಹಾಸನಕ್ಕೆ ಮರಳಿದಾಗ ರಾತ್ರಿ ಎಂಟೂವರೆ. ಹೋಟೆಲಿನಲ್ಲಿ ನಾನು ಕೋಳಿ ಸಾರು ಹೇಳಿದೆ. ಅವನು ಇಡ್ಲಿ ಮುರಿಯುತ್ತ, ಕಿಟಕಿಯಾಚೆ ಬೆಳ್ಳಗೆ ಹೊಳೆಯುತ್ತಿದ್ದ ಚಂದ್ರನನ್ನು ಸಾಲ ತೀರಿಸದವನನ್ನು ನೋಡುವಂತೆ ದುರುಗುಟ್ಟಿ ನೋಡುತ್ತಿದ್ದ.