ನಾನೇ ಕೆಂಪು ಮಾಡ್ಕೊಳ್ಳಬಹುದಾ?

ಪೈಲಟ್‌ಗಳ ಮೆಡಿಕಲ್, ಅಂದರೆ ಹಾರೋಕೆ ಬೇಕಾದ ಆರೋಗ್ಯದ ಸರ್ಟಿಫಿಕೇಟು, ಯಾವಾಗ ಮುಗಿಯುತ್ತೆ ಅಂತ ಲೆಕ್ಕ ಇಡುವುದು ನನ್ನ ಕೆಲಸ. ಒಂದು ಎಕ್ಸೆಲ್ ಶೀಟು, ಒಬ್ಬೊಬ್ಬರಿಗೆ ಒಂದೊಂದು ಸಾಲು. ದಿನ ಬೇಕಾದಷ್ಟಿದ್ದರೆ ಹಸಿರು, 45 ದಿನಕ್ಕೆ ಇಳಿದರೆ ಹಳದಿ, ಮುಗಿದರೆ ಕೆಂಪು. ಕೆಂಪಾದವರ ಹೆಸರು ರೋಸ್ಟರ್‌ಗೆ, ಅಂದರೆ ಯಾರು ಯಾವಾಗ ಹಾರಬೇಕು ಅನ್ನುವ ಡ್ಯೂಟಿ ಪಟ್ಟಿಗೆ, ಹೋಗುವುದೇ ಇಲ್ಲ. ಹಾಗಾಗಿ ನನ್ನ ಟೇಬಲ್ ಹತ್ತಿರ ಬರುವವರಿಗೆಲ್ಲ ಬೇಕಾಗಿರುವುದು ಒಂದೇ, ಕೆಂಪನ್ನು ಹಸಿರು ಮಾಡಬೇಕು. "ಡಾಕ್ಟರ್ ಸಹಿ ಹಾಕಿಯಾಯ್ತು, ಪೇಪರ್ ಬರೋದಷ್ಟೇ ಬಾಕಿ, ಸುಮ್ನೆ ಒಂದು ಕ್ಲಿಕ್ ಮಾಡಿ ಅಲ್ವಾ?" ಹೊಸ ಹುಡುಗರದ್ದಂತೂ ಇದೇ ರಾಗ.

ಈ ವಾರ ಬಂದ ಹಿರಿಯ ಕ್ಯಾಪ್ಟನ್ ಕೇಳಿದ್ದೇ ಬೇರೆ.

"ನನ್ನ ಸಾಲು ಹಸಿರಿದೆಯಲ್ವಾ?"

"ಹೌದು ಸರ್. ಇನ್ನೂ ಮೂರು ತಿಂಗಳಿದೆ."

"ನಾನೇ ಕೆಂಪು ಮಾಡ್ಕೊಳ್ಳಬಹುದಾ?"

ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ. ಆದರೆ ಅವರು ಸ್ಕ್ರೀನ್ ನೋಡಿದ ರೀತಿ ಯಾಕೋ ಸರಿ ಕಾಣಲಿಲ್ಲ. ಕುತ್ತಿಗೆ ತಿರುಗಿಸಲಿಲ್ಲ. ಟೇಬಲ್ ಅಂಚು ಹಿಡಿದುಕೊಂಡು, ಭುಜದ ಸಮೇತ ಇಡೀ ಮೈಯನ್ನೇ ಮೆಲ್ಲಗೆ ಈ ಕಡೆ ತಂದರು. "ಬೆಳಗ್ಗೆ ಮಗ್ಗುಲು ಬದಲಿಸಿದರೆ ರೂಮೇ ಗಿರ್ರಂತ ಸುತ್ತುತ್ತೆ. ಅರ್ಧ ನಿಮಿಷ. ಆಮೇಲೆ ಏನೂ ಇಲ್ಲ" ಅಂದರು. (ಇದನ್ನು ಬರೆಯಲಾ ಅಂತ ಅವರನ್ನೇ ಕೇಳಿದೆ. "ಬರೀರಿ, ಹೆಸರು ಬೇಡ" ಅಂದರು.)

ಈ ಮೆಡಿಕಲ್ ಲೆಕ್ಕ ಹೊರಗಿನವರು ಅಂದುಕೊಂಡಷ್ಟು ಸಲೀಸಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನೆಕ್ಸ್ 1 (ಪೈಲಟ್ ಲೈಸೆನ್ಸಿನ ನಿಯಮಗಳು ಇರುವುದು ಇದರಲ್ಲೇ) ಪ್ರಕಾರ, ಏರ್‌ಲೈನ್ ಪೈಲಟ್‌ಗೆ ಬೇಕಾದ ಕ್ಲಾಸ್ 1 ಮೆಡಿಕಲ್ 12 ತಿಂಗಳು ನಡೆಯುತ್ತೆ. 60 ದಾಟಿದರೆ ಆರೇ ತಿಂಗಳು. ಒಬ್ಬರೇ ಪೈಲಟ್ ಆಗಿ ಪ್ರಯಾಣಿಕರನ್ನು ಕರೆದೊಯ್ಯುವವರಿಗೆ 40ಕ್ಕೇ ಆರು ತಿಂಗಳು. ಅದರ ಒಳಗೆ ಮತ್ತೆ ಬೇರೆ ತಾರೀಖುಗಳು. 40ರವರೆಗೆ ಕಿವಿ ಪರೀಕ್ಷೆ ಐದು ವರ್ಷಕ್ಕೊಮ್ಮೆಯಾದರೂ ಆಗಬೇಕು, ಆಮೇಲೆ ಎರಡು ವರ್ಷಕ್ಕೊಮ್ಮೆ. 50 ದಾಟಿದವರಿಗೆ ಪ್ರತಿ ವರ್ಷ ಇಸಿಜಿ. ಇದರ ಮೇಲೆ ಒಂದೊಂದು ದೇಶದ್ದೂ ಒಂದಿಷ್ಟು ಸೇರ್ಪಡೆ. ತೀರಾ ಮುಂಚೆ ಹೋದರೆ ಉಳಿದ ದಿನ ನಷ್ಟ. ಕೊನೆಯ 45 ದಿನದೊಳಗೆ ಹೋದರೆ ಹೊಸ ಅವಧಿಯನ್ನು ಹಳೇದು ಮುಗಿಯುವ ತಾರೀಖಿನಿಂದಲೇ ಎಣಿಸಬಹುದು ಅಂತ ಅನೆಕ್ಸಿನಲ್ಲೇ ಸಲಹೆ ಇದೆ. ನನ್ನ ಹಳದಿ ಬಣ್ಣ ಬಂದಿದ್ದು ಅಲ್ಲಿಂದಲೇ.

ಇದನ್ನೆಲ್ಲ ಶೀಟು ನೋಡಿಕೊಳ್ಳುತ್ತೆ. ಅದೇ ಅನೆಕ್ಸಿನಲ್ಲಿ ಇನ್ನೊಂದು ಮಾತೂ ಇದೆ, ಅದಕ್ಕೆ ನನ್ನ ಹತ್ತಿರ ಕಾಲಂ ಇಲ್ಲ. ಮೈಯಲ್ಲಿ ಏನೋ ಕೆಟ್ಟಿದೆ, ಸುರಕ್ಷಿತವಾಗಿ ಹಾರಿಸೋಕೆ ಆಗದೇ ಇರಬಹುದು ಅಂತ ಪೈಲಟ್‌ಗೆ ಗೊತ್ತಾದರೆ, ಸರ್ಟಿಫಿಕೇಟಿನಲ್ಲಿ ಎಷ್ಟೇ ದಿನ ಉಳಿದಿರಲಿ, ಅವರು ಹಾರಕೂಡದು. ಹಾಗಾದರೆ ನನ್ನ ಹಸಿರಿಗೆ ಅರ್ಥ ಏನು? ಡಾಕ್ಟರು ನೋಡಿದ ದಿನ ಇವರು ಚೆನ್ನಾಗಿದ್ದರು ಅಂತಷ್ಟೇ. ಅಲ್ಲಿಂದ ಮುಂದಿನ ಅಷ್ಟೂ ದಿನ ಅವರು ತಾವಾಗೇ ಬಂದು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಯಾರು ಬಂದು ಹೇಳ್ತಾರೆ ಹೇಳಿ? ಹೇಳಿದ ದಿನದಿಂದ ಹಾರಾಟದ ಗಂಟೆಗೆ ಸಿಗುವ ಭತ್ಯೆ ನಿಲ್ಲುತ್ತೆ. ಟೆಂಪರರಿ ಅನ್‌ಫಿಟ್ ಅನ್ನುವ ಚೀಟಿ ಟೆಂಪರರಿಯಾಗೇ ಉಳಿಯುತ್ತೆ ಅನ್ನುವ ಗ್ಯಾರಂಟಿ ಯಾರೂ ಕೊಡುವುದಿಲ್ಲ. ಈ ಕ್ಯಾಪ್ಟನ್‌ಗೆ 60 ದಾಟಿದೆ. ಅಂತರರಾಷ್ಟ್ರೀಯ ಹಾರಾಟಕ್ಕೆ 65 ಕೊನೆ. ಅವರಿಗೆ ಒಂದೊಂದು ತಿಂಗಳೂ ಲೆಕ್ಕವೇ. ಸುಮ್ಮನಿದ್ದಿದ್ದರೆ ಮೂರು ತಿಂಗಳು ಯಾರೂ ಕೇಳುತ್ತಿರಲಿಲ್ಲ. ನಾನಂತೂ ಕೇಳುತ್ತಿರಲಿಲ್ಲ, ಹಸಿರು ಸಾಲನ್ನು ನಾನು ನೋಡುವುದೇ ಇಲ್ಲ. ಪೈಲಟ್‌ಗಳು ಡಾಕ್ಟರ ಹತ್ತಿರ ಬಾಯಿ ಬಿಡೋಕೆ ಹೆದರುತ್ತಾರೆ ಅಂದರೆ ಜನ ಬೈಯುತ್ತಾರೆ. ನಾನು ಬೈಯುವುದಿಲ್ಲ. ನಿಜ ಹೇಳಿದವರ ಸಂಬಳಕ್ಕೇ ಮೊದಲು ಕತ್ತರಿ ಬೀಳುತ್ತೆ ಅಂದಮೇಲೆ ಯಾರಿಗೆ ತಾನೇ ನಾಲಿಗೆ ಏಳುತ್ತೆ?

"ನಾನೇ ಕೆಂಪು ಮಾಡ್ಕೊಳ್ಳಬಹುದಾ?" ಮನೆಗೆ ಹೋದ ಮೇಲೂ ಕಿವಿಯಲ್ಲಿ ಅದೇ. ಪರ್ಮಿಷನ್ ಕೇಳುವ ದನಿ ಅದು. ಅಷ್ಟು ಜನರ ಜೀವ ಕೈಯಲ್ಲಿ ಹಿಡಿದು ಹಾರುವ ಮನುಷ್ಯ, ಎಕ್ಸೆಲ್ ಕಾಯುವವರ ಮುಂದೆ ನಿಂತು ಹಾಗೆ ಕೇಳಿದ್ದು ಒಂಥರಾ ಕಸಿವಿಸಿ ಆಯ್ತು.

ಸಾಲು ಕೆಂಪು ಮಾಡಿದೆ. ಡಾಕ್ಟರಿಗೆ ಅಪಾಯಿಂಟ್‌ಮೆಂಟ್ ಹಾಕಿಕೊಟ್ಟೆ. ಹತ್ತು ನಿಮಿಷಕ್ಕೆ ರೋಸ್ಟರ್ ಮುಖ್ಯಸ್ಥರ ಫೋನು. "ಇನ್ನೂ ಮೂರು ತಿಂಗಳಿತ್ತಲ್ರೀ, ಈಗಲೇ ಯಾಕೆ?" ಕೆಟ್ಟವರೇನಲ್ಲ ಅವರು. ಆದರೆ ಅವರ ಕಣ್ಣಿಗೆ ಮನುಷ್ಯರು ಖಾಲಿ ಸೀಟು, ತುಂಬಿದ ಸೀಟು ಅಂತಲೇ ಕಾಣುವುದು.

ಮಾರನೇ ದಿನ ಅವರದ್ದೊಂದು ಮೇಲ್ ಬಂತು. ಶೀಟಿನಲ್ಲಿ "ಕಾರಣ" ಅಂತ ಒಂದು ಕಾಲಂ ಹಾಕಬೇಕಂತೆ. ತಾವಾಗೇ ಕೆಂಪು ಮಾಡಿಸಿಕೊಂಡವರು ಯಾಕೆ ಮಾಡಿಸಿಕೊಂಡರು ಅಂತ ಎಲ್ಲರಿಗೂ ಕಾಣಬೇಕಂತೆ. ಆಗಲ್ಲ ಅಂತ ಉತ್ತರ ಬರೆದೆ. ಕಾರಣ ಡಾಕ್ಟರಿಗೆ ಗೊತ್ತಿದ್ದರೆ ಸಾಕು, ರೋಸ್ಟರ್‌ಗೆ ಬೇಕಾಗಿರುವುದು ಇವರು ಹಾರಬಹುದಾ ಇಲ್ಲವಾ ಅನ್ನುವುದಷ್ಟೇ. ಆ ಕಾಲಂ ಬಂದರೆ ಇನ್ನೊಬ್ಬರು ಹೀಗೆ ಬಂದು ಕೇಳುತ್ತಾರಾ? ವಿಷಯ ಈಗ ಮ್ಯಾನೇಜರ್ ಹತ್ತಿರ ಹೋಗಿದೆ, ಸೋಮವಾರ ಮೀಟಿಂಗು. ಅಲ್ಲೂ ಇದನ್ನೇ ಹೇಳುತ್ತೇನೆ.